ಗೋಡೆ ಒಡೆದು ಒಂದಾದ ಐದು ಮನೆ, ಅಟ್ಟದಲ್ಲಿ ನಾವು

ಅಪ್ಪ ಅಮ್ಮ ಪಾಂಡವಪುರದಿಂದ ಬಂದು ಹತ್ತು ದಿನ ಆಗಿತ್ತು, ನಾವಿರೋದು ಇಂಗ್ಲೆಂಡಿನ ಕೊವೆಂಟ್ರಿಲಿ, ಅಪ್ಪಂದು ಬಂದಾಗಿಂದ ಒಂದೇ ಹಠ, ಲಂಡನ್ನಿಗೆ ಹೋಗಿ ಟಿಪ್ಪು ಹುಲಿ ನೋಡ್ಬೇಕು. ಮೇಷ್ಟ್ರಾಗಿದ್ದಷ್ಟು ದಿನ ಶ್ರೀರಂಗಪಟ್ಟಣದ ಪಾಠ ಮಾಡಿ ಮಾಡಿ, ಆ ಮರದ ಹುಲಿ ಮಾತ್ರ ಪುಸ್ತಕದ ಚಿತ್ರದಲ್ಲೇ ಉಳ್ಕೊಂಡಿತ್ತಲ್ಲ. ಒಂದೇ ದಿನದಲ್ಲಿ ಹೋಗಿ ಬರೋದು ಅವರ ಮಂಡಿಗೆ ಆಗಲ್ಲ ಅಂತ ಸೌತ್ ಕೆನ್ಸಿಂಗ್ಟನ್‌ನಲ್ಲಿ ಎರಡು ರಾತ್ರಿಗೆ ಹೋಟೆಲ್ ಬುಕ್ ಮಾಡ್ದೆ. ಫೋಟೋದಲ್ಲಿ ಬಿಳಿ ಕಂಬ, ಹೊಳೆಯೋ ಕಪ್ಪು ಬಾಗ್ಲು, ವಿಕ್ಟೋರಿಯಾ ರಾಣಿ ಕಾಲದ ಮನೆಗಳು ಅಂತ ಬೇರೆ ಬರೆದಿದ್ರು, ಮರುಳಾಗ್ಬಿಟ್ಟೆ. ಲಿಫ್ಟು ಎಲ್ಲೀವರೆಗೆ ಹೋಗತ್ತೆ ಅಂತ ಕೇಳ್ಲಿಲ್ಲ ನೋಡಿ, ಅಲ್ಲೇ ಎಡವಿದ್ದು.

ಲಿಫ್ಟ್ ಇತ್ತು. ಒಬ್ರು ಒಂದು ಸೂಟ್‌ಕೇಸ್ ಹಿಡಿಯೋಷ್ಟು ಅಗಲ, ಅದೂ ಮೂರನೇ ಮಹಡಿಗೆ ಸುಸ್ತಾಗಿ ನಿಂತ್ಬಿಡತ್ತೆ. ನಮ್ಮ ರೂಮು ಅದರ ಮೇಲೆ, ಅಟ್ಟದಲ್ಲಿ. ಲಿಫ್ಟಿಂದ ಇಳಿದು ಕಾರಿಡಾರಲ್ಲಿ ನಡೆದ್ರೆ ಎಲ್ಲೋ ಮಧ್ಯ ಮೂರು ಮೆಟ್ಲು ಇಳೀಬೇಕು, ಆಮೇಲೆ ಬೆಂಕಿ ಹರಡದ ಹಾಗೆ ತಡೆಯೋಕೆ ಹಾಕಿರೋ ಒಂದು ಬಾಗ್ಲು, ಆಮೇಲೆ ಎರಡು ಮೆಟ್ಲು ಹತ್ತಬೇಕು, ಆಮೇಲೆ ಇಕ್ಕಟ್ಟಾದ ಒಂದು ತಿರುವು ಮೆಟ್ಲು. ಅಪ್ಪ ಕಂಬಿ ಹಿಡ್ಕೊಂಡು ನಿಂತು ಹಿಂದೆ ನೋಡಿ, "ಇದೇನವ್ವ, ಹೋಟ್ಲೋ ಚಕ್ರವ್ಯೂಹವೋ" ಅಂದ್ರು.

ವಿಷಯ ಏನಂದ್ರೆ ಇದು ಹೋಟೆಲ್ ಅಂತ ಕಟ್ಟಿದ್ದೇ ಅಲ್ಲ, ಒಂದರ ಪಕ್ಕ ಒಂದು ಅಂಟ್ಕೊಂಡಿರೋ ಐದು ಮನೆ. 1851ರಲ್ಲಿ ಹೈಡ್ ಪಾರ್ಕಲ್ಲಿ ದೊಡ್ಡ ವಸ್ತುಪ್ರದರ್ಶನ ಆಯ್ತಲ್ಲ, ಅದರ ಲಾಭದ ದುಡ್ಡಲ್ಲಿ ಇಲ್ಲಿ 87 ಎಕರೆ ಜಾಗ ತಗೊಂಡ್ರು, ಅಲ್ಲೇ ಮ್ಯೂಸಿಯಂಗಳು, 1871ರಲ್ಲಿ ಆಲ್ಬರ್ಟ್ ಹಾಲ್ ಎಲ್ಲ ಬಂದಿದ್ದು. ಸುತ್ತ ತೋಟ ಹೊಲ ಇದ್ದ ಜಾಗಕ್ಕೆ ಬೆಲೆ ಬಂತು, ಚಾರ್ಲ್ಸ್ ಫ್ರೀಕ್ ಅಂಥ ಬಿಲ್ಡರ್‌ಗಳು ಸಾಲುಸಾಲು ಮನೆ ಎಬ್ಬಿಸಿದ್ರು. ನಮ್ಮ ಬೆಂಗ್ಳೂರಿನ ಲೇಔಟ್ ಕಥೆನೇ, ಬಟ್ಟೆ ಬೇರೆ ಅಷ್ಟೆ. ಒಳಗೆ ಇಟ್ಟಿಗೆ, ಹೊರಗೆ ಗಾರೆ ಬಳಿದು ಕೆನೆ ಬಣ್ಣ ಹೊಡೆದು ಕಲ್ಲಿನ ವೇಷ ಹಾಕಿಸಿರೋದು. ಒಂದೊಂದರಲ್ಲೂ ಒಂದೊಂದು ದೊಡ್ಡ ಕುಟುಂಬ, ಜೊತೆಗೆ ಅದೇ ಮನೇಲಿ ಮಲಗೋ ಅಡುಗೆಯವರು, ಕೆಲಸದ ಹುಡುಗೀರು.

ಆಮೇಲೆ ಈ ಮನೆಗಳನ್ನ ಸಾಕೋದೇ ಕಷ್ಟ ಆಯ್ತು. ಮೊದಲ ಮಹಾಯುದ್ಧ ಮುಗಿಯೋ ಹೊತ್ತಿಗೆ ಮನೆಕೆಲಸಕ್ಕೆ ಹುಡುಗೀರು ಸಿಗೋದು ಕಮ್ಮಿ, ಫ್ಯಾಕ್ಟರಿ ಆಫೀಸು ಅಂತ ಬೇರೆ ದಾರಿ ಹಿಡಿದಿದ್ರು. ಆಳಿಲ್ದೆ ಐದು ಮಹಡಿಗೆ ಚಳಿ ಕಾಯಿಸೋ ಒಲೆಗಳಿಗೆ ಕಲ್ಲಿದ್ದಲು ಹೊರೋರ್ಯಾರು? ಹಾಗಾಗಿ ಕೆಲವು ಫ್ಲ್ಯಾಟ್ ಆದ್ವು, ಕೆಲವು ಬೋರ್ಡಿಂಗ್ ಹೌಸ್, ಇನ್ನು ಕೆಲವು ಹೋಟೆಲ್. ಅದಕ್ಕೂ ಮುಂಚೆನೇ, ರಾಣಿ ಬದುಕಿದ್ದಾಗಲೇ, 1892ರಲ್ಲಿ ಕ್ವೀನ್ಸ್ ಗೇಟ್ ರಸ್ತೇಲಿ ಕುಕ್ ಅನ್ನೋ ಅಕ್ಕ ತಂಗಿ ಸೇರ್ಕೊಂಡು ಗೋರ್ ಅನ್ನೋ ಹೋಟೆಲ್ ಶುರು ಮಾಡಿದ್ರು, ಅದು ಇವತ್ತಿಗೂ ನಡೀತಿದೆ. (ನಾವಿದ್ದಿದ್ದು ಅದಲ್ಲ, ಅದರ ರೇಟು ನೋಡಿ ಫೋನ್ ಕೆಳಗಿಟ್ಟೆ.)

ಅಕ್ಕಪಕ್ಕದ ಮನೆಗಳನ್ನ ಸೇರಿಸ್ಬೇಕು ಅಂದ್ರೆ ನಡುಗೋಡೆ ಒಡೆದು ಬಾಗ್ಲು ತೆಗೀಬೇಕು, ಆದ್ರೆ ಈ ಮನೆಯ ನೆಲ ಆ ಮನೆಯ ನೆಲ ಒಂದೇ ಮಟ್ಟ ಇರಲ್ಲ, ಅದಕ್ಕೇ ಆ ಎರಡು ಮೂರು ಮೆಟ್ಲು. ಮೆಟ್ಲು ಬಂತು ಅಂದ್ರೆ ನೀವು ಪಕ್ಕದ ಮನೆಗೆ ಕಾಲಿಟ್ರಿ ಅಂತ ಅರ್ಥ. ಇದು ಗೊತ್ತಾದ್ಮೇಲೆ ಅಪ್ಪ ಮಂಡಿ ನೋವು ಮರೆತು ತಿಂಡಿಗೆ ಹೋಗುವಾಗೆಲ್ಲ "ಈಗ ಎರಡನೇ ಮನೆ, ಈಗ ಮೂರನೇ ಮನೆ" ಅಂತ ಎಣಿಸ್ತಾ ಹೋಗೋರು. ಅಮ್ಮ ಮಾತ್ರ ಆ ಒಡೆದ ಜಾಗದಲ್ಲಿ ಕೈಯಿಟ್ಟು ನೋಡಿ, ಒಂದೂವರೆ ಗೇಣು ದಪ್ಪ ಗೋಡೆ, "ಅಲ್ಲ ಕಣೇ, ನಮ್ಮಲ್ಲಿ ಅಣ್ಣ ತಮ್ಮ ಪಾಲಾದ್ರೆ ನಡುಮನೆಗೆ ಅಡ್ಡ ಗೋಡೆ ಎದ್ದೇಳತ್ತೆ, ಇಲ್ಲಿ ಗುರ್ತಿಲ್ದೋರ ಮನೆ ಗೋಡೆ ಒಡೆದು ಒಂದು ಮಾಡವ್ರೆ" ಅಂದ್ರು. ದೊಡ್ಡಪ್ಪನ ಮನೆ ಕಡೆಯ ಗೋಡೆ ಅವರ ಕಣ್ಮುಂದೆ ಬಂದಿರ್ಬೇಕು, ನಾನು ಮಾತಾಡ್ಲಿಲ್ಲ.

ಮನೆಯ ಹಳೇ ಲೆಕ್ಕಾಚಾರ ರೂಮುಗಳಲ್ಲಿ ಹಾಗೇ ಇದೆ. ನೆಲದಿಂದ ಒಂದು ಮಹಡಿ ಮೇಲೆ ಇರೋವು ಯಜಮಾನರು ನೆಂಟರನ್ನ ಕೂರಿಸ್ತಿದ್ದ ಹಜಾರಗಳು, ಎತ್ತರದ ಸೂರು, ಬಾಲ್ಕನಿಗೆ ತೆಗೆಯೋ ಉದ್ದ ಕಿಟಕಿ, ಸೂರಿನ ಮಧ್ಯ ಗ್ಯಾಸ್ ದೀಪ ನೇತಾಕ್ತಿದ್ದ ಕಡೆ ಗಾರೆಯ ದೊಡ್ಡ ಹೂವು. ಅವೇ ದುಬಾರಿ ರೂಮು. ಮೇಲೆ ಹೋಗ್ತಾ ಹೋಗ್ತಾ ಸೂರು ಇಳೀತಾ ಬರತ್ತೆ, ಹೂವಿಲ್ಲ, ಬಳ್ಳಿಯಿಲ್ಲ. ತುದೀಲಿ ಕೆಲಸದ ಹುಡುಗೀರು ಮಲಗ್ತಿದ್ದ ಅಟ್ಟ, ಅಲ್ಲಿ ನಾವು ಮೂವರು. ಮಂಚದಿಂದ ಎದ್ರೆ ಇಳಿಜಾರು ಸೂರಿಗೆ ತಲೆ ಹೊಡೀತಿತ್ತು, ಮೊದಲನೇ ರಾತ್ರಿ ನಾನು ಎರಡು ಸಲ, ಅಮ್ಮ ಒಂದು ಸಲ. ಕಿಟಕಿ ಮೇಲೆ ಕೆಳಗೆ ಸರಿಯೋ ಥರದ್ದು, ಚೌಕಟ್ಟಿನೊಳಗೆ ಹಗ್ಗಕ್ಕೆ ಕಬ್ಬಿಣದ ಗುಂಡು ಕಟ್ಟಿರ್ತಾರೆ, ಸರಿಸಿದ್ರೆ ಗೋಡೆಯೊಳಗೆ ಏನೋ ಡಣ್ ಅಂತ ಇಳಿಯೋ ಸದ್ದು. ಸಂದಿಯಿಂದ ರಾತ್ರಿಯೆಲ್ಲ ಕುಳಿರ್ಗಾಳಿ. ರಿಸೆಪ್ಶನ್ನಲ್ಲಿ ಕೇಳಿದ್ರೆ, ಲಿಸ್ಟೆಡ್ ಬಿಲ್ಡಿಂಗ್ ಮೇಡಂ, ಅಂದ್ರೆ ಕಾಪಾಡ್ಬೇಕಾದ ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿಲಿರೋದು, ಕಿಟಕಿ ಬದಲಾಯಿಸ್ಬೇಕಂದ್ರೂ ಕೌನ್ಸಿಲ್ ಒಪ್ಪಬೇಕು, ಅಂತ ನಗ್ತಾ ಒಂದು ಕಂಬಳಿ ಕೊಟ್ರು. ನಿಜಾನೇ ಅದು, ಆದ್ರೆ ಅಟ್ಟದ ರೂಮು ಅಂತ ಬುಕ್ಕಿಂಗಲ್ಲಿ ಒಂದು ಸಾಲು ಬರೆಯೋಕೆ ಯಾವ ಕೌನ್ಸಿಲ್ ಬೇಡ ಅಂದಿತ್ತೋ.

ಹೊರಗೆ ಫುಟ್‌ಪಾತಲ್ಲಿ ತಟ್ಟೆ ಗಾತ್ರದ ದುಂಡನೆ ಕಬ್ಬಿಣದ ಮುಚ್ಚಳಗಳಿವೆ, ಮನೆಗೊಂದರಂತೆ. ಅದನ್ನ ತೆಗೆದು ಬೀದಿಯಿಂದಲೇ ಕೆಳಗಿನ ಉಗ್ರಾಣಕ್ಕೆ ಇದ್ದಲು ಸುರೀತಿದ್ರು, ಮನೆಯೊಳಗೆ ಮಸಿ ತರೋದೇ ಬೇಡ ಅಂತ. ಆ ಇದ್ದಲು ಅಲ್ಲಿಂದ ಮೇಲಕ್ಕೆ ಹಿಂದಿನ ಮೆಟ್ಲಲ್ಲಿ ಹುಡುಗೀರ ಕೈಲೇ ಹತ್ತಬೇಕಿತ್ತು ಅನ್ನೋದು ಬೇರೆ ಮಾತು.

ಹುಲಿ ನೋಡಿದ್ವಿ, ಹತ್ತು ನಿಮಿಷದ ನಡಿಗೆ, ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ, ಟಿಕೆಟ್ ಇಲ್ಲ. ಬಿಳಿ ಸಿಪಾಯಿ ಮೇಲೆ ಬಿದ್ದಿರೋ ಹುಲಿ, ಹೊಟ್ಟೆಯೊಳಗೆ ಆರ್ಗನ್ ಅನ್ನೋ ವಾದ್ಯ, ಪಕ್ಕದಲ್ಲಿ ತಿರುಗಿಸೋ ಹಿಡಿ. 1799ರಲ್ಲಿ ಪಟ್ಟಣ ಬಿದ್ದಾಗ ಹೊತ್ಕೊಂಡು ಬಂದಿದ್ದು. ಅಪ್ಪ ಗಾಜಿನ ಮುಂದೆ ಕೈಕಟ್ಟಿ ನಿಂತವರು ಅಲುಗ್ಲಿಲ್ಲ, ಫೋಟೋಗೆ ಕರೆದ್ರೂ ತಿರುಗ್ಲಿಲ್ಲ. ವಾಪಸ್ ಬರುವಾಗ "ಬಣ್ಣ ಇನ್ನೂ ಚೆನ್ನಾಗಿದೆ" ಅಂದ್ರು ಅಷ್ಟೆ.

ಕೊನೇ ಬೆಳಿಗ್ಗೆ ಕೆಟ್ಲಲ್ಲಿ ನೀರು ಕಾಯಿಸಿ ಅಮ್ಮ ಅವಲಕ್ಕಿ ನೆನೆಸಿ, ಊರಿಂದ ತಂದ ಚಟ್ನಿಪುಡಿ ಕಲೆಸಿದ್ರು. ತಿಂದು ಮುಗಿಸಿ ನೋಡ್ತೀನಿ, ಹಾಸಿಗೆ ತಾವೇ ಮಡಚಿ ಇಟ್ಟವ್ರೆ. ಬಿಡಮ್ಮ, ಅದಕ್ಕೆ ಜನ ಬರ್ತಾರೆ, ಅಂದೆ. ಅಷ್ಟರಲ್ಲಿ ಹಿಂದಿನ ಆ ಇಕ್ಕಟ್ಟು ಮೆಟ್ಲಿಂದಲೇ ಒಂದು ಹುಡುಗಿ ಬಟ್ಟೆ ಗಂಟು ಎದೆಗವಚ್ಕೊಂಡು ಏದುಸಿರು ಬಿಡ್ತಾ ಬಂದ್ಳು. ಲಿಫ್ಟು ಇಲ್ಲೀವರೆಗೆ ಬರಲ್ಲ, ಅವಳಿಗೂ ಬರಲ್ಲ. ಅಮ್ಮ ಒಂದು ಮಾತೂ ಆಡ್ದೆ ಡಬ್ಬಿ ತೆಗೆದು ಟಿಶ್ಯೂ ಪೇಪರಲ್ಲಿ ನಾಲ್ಕು ಕೋಡುಬಳೆ ಸುತ್ತಿ ಅವಳ ಕೈಗಿಟ್ರು. ಅವಳು ಅಲ್ಲೇ ಮೆಟ್ಲ ಮೇಲೆ ಕೂತು ಒಂದು ಕಡಿದ್ಳು, ಕಣ್ಣಲ್ಲಿ ನೀರು ಬಂತು, ಖಾರಕ್ಕೆ, ಆದ್ರೂ ಇನ್ನೊಂದು ತಗೊಂಡ್ಳು.