ಖಾಕಿ ತುಂಡಿನ ಮೇಲಿನ ಐದು ರಿಬ್ಬನ್‌ಗಳು

ಕಳೆದ ತಿಂಗಳು ನಮ್ಮ ಓಣಿಯ ಹಿರಿಯ ಕಾಕು ಒಬ್ಬರು, ಹಳೆಯ ಟ್ರಂಕು ತೆರವು ಮಾಡುವಾಗ ಸಿಕ್ಕಿದ ಖಾಕಿ ಬಟ್ಟೆಯ ತುಂಡೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. "ಇದು ನಮ್ಮ ಮಾವನೋರ ಕೋಟಿನ ಮ್ಯಾಲಿತ್ತು, ತಮ್ಮಾ. ಏನಂತ ನೋಡಿ ಹೇಳು" ಎಂದರು. ಬಟ್ಟೆಯ ಮೇಲೆ ಎರಡು ಸಾಲಿನಲ್ಲಿ ಸೈನಿಕ ಪದಕಗಳ ಐದು ರಿಬ್ಬನ್‌ಗಳನ್ನು ಹೊಲಿಯಲಾಗಿತ್ತು. ಪದಕ ಒಂದೂ ಇರಲಿಲ್ಲ.

ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯಲ್ಲಿ ಇಂಥ ತುಂಡುಗಳು ಬಹಳ ಮನೆಗಳ ಟ್ರಂಕುಗಳಲ್ಲಿವೆ. ಪದಕವಿಲ್ಲದ ರಿಬ್ಬನ್ನಿಗೆ ಬೆಲೆಯಿಲ್ಲವೆಂದು ತಿಳಿದು ಅದನ್ನು ಎಸೆದವರನ್ನು ನಾನು ಕಂಡಿದ್ದೇನೆ. ಆದರೆ ಪದಕ ಕಳೆದಿದ್ದರೂ ಸೈನಿಕನು ಎಲ್ಲೆಲ್ಲಿಗೆ ಹೋಗಿ ಬಂದನೆಂಬುದನ್ನು ರಿಬ್ಬನ್ನಿನ ಸಾಲೊಂದರಿಂದಲೇ ಓದಿ ತೆಗೆಯಬಹುದು.

ಮೊದಲು ಅಳತೆ ನೋಡಬೇಕು. ಬ್ರಿಟನ್ನಿನ ರಿಬ್ಬನ್ನುಗಳೂ ಅದೇ ಪದ್ಧತಿಯನ್ನು ಮುಂದುವರಿಸಿದ ನಮ್ಮ ದೇಶದ ರಿಬ್ಬನ್ನುಗಳೂ ಸಾಮಾನ್ಯವಾಗಿ 32 ಮಿಲಿಮೀಟರ್ ಅಗಲವಿರುತ್ತವೆ. ಅಮೆರಿಕದವು ಸುಮಾರು 35, ಜರ್ಮನಿಯವು 30 ಮಿಲಿಮೀಟರ್. ಬಣ್ಣ ಮಾಸಿ ಗುರುತು ಸಿಗದಿರುವಾಗಲೂ ಸ್ಕೇಲು ಹಿಡಿದರೆ ದೇಶದ ಸುಳಿವು ಸಿಗುತ್ತದೆ. ಕಾಕುವಿನ ತುಂಡಿನ ಮೇಲಿನ ಐದೂ 32 ಮಿಲಿಮೀಟರ್ ಇದ್ದವು.

ಎರಡನೆಯದು ಕ್ರಮ. ಹೆಚ್ಚಿನ ಗೌರವದ ರಿಬ್ಬನ್ ಮೇಲಿನ ಸಾಲಿನಲ್ಲಿ, ಧರಿಸಿದವನ ಎದೆಯ ನಡುಭಾಗಕ್ಕೆ ಹತ್ತಿರದಲ್ಲಿ ಇರುತ್ತದೆ. ನೋಡುವವರಿಗೆ ಅದು ಎಡತುದಿ. ಹೀಗಾಗಿ ನಾವು ಪುಸ್ತಕ ಓದುವ ಹಾಗೆಯೇ ಎಡದಿಂದ ಬಲಕ್ಕೆ ಓದಬಹುದು. ತುಂಡು ತಲೆಕೆಳಗಾಗಿದೆಯೇ ಎಂಬ ಸಂಶಯ ಬಂದರೆ ಇಲ್ಲಿ ಮೇಲಿನ ಸಾಲಿನಲ್ಲಿ ಎರಡನೆಯದಾಗಿದ್ದ 1939–45ರ ಸ್ಟಾರ್ ಪದಕದ (ಎರಡನೆಯ ಮಹಾಯುದ್ಧಕ್ಕೆ ಬ್ರಿಟನ್ ಕೊಟ್ಟ ನಕ್ಷತ್ರಾಕಾರದ ಪದಕಗಳಲ್ಲೊಂದರ) ರಿಬ್ಬನ್ ನೆರವಿಗೆ ಬರುತ್ತದೆ. ಅದರಲ್ಲಿ ನೌಕಾಪಡೆಯ ಕಡುನೀಲಿ, ಭೂಸೇನೆಯ ಕೆಂಪು, ವಾಯುಪಡೆಯ ತಿಳಿನೀಲಿ ಸಮ ಅಗಲದಲ್ಲಿ ನಿಂತಿದ್ದು, ಕಡುನೀಲಿ ನೋಡುವವರ ಎಡಕ್ಕೆ ಇರಬೇಕು.

ಇಷ್ಟು ತಿಳಿದಿದ್ದರೂ ನಾನು ಒಂದು ತಪ್ಪು ಮಾಡಿದೆ. ಮೇಲಿನ ಸಾಲಿನ ಮೊದಲನೆಯ ರಿಬ್ಬನ್ನಿನಲ್ಲಿಯೂ ಕೆಳಗಿನ ಸಾಲಿನ ನಡುವಿನ ರಿಬ್ಬನ್ನಿನಲ್ಲಿಯೂ ಮಾಸಿದ ಕೆಂಪು, ಬಿಳಿ, ಹಸಿರು ಕಂಡದ್ದರಿಂದ ಎರಡನ್ನೂ ನಮ್ಮ ತ್ರಿವರ್ಣವೆಂದೇ ಬಗೆದೆ. ಆಮೇಲೆ ಹೊಲಿಗೆಯ ಅಂಚನ್ನು ಸೂಜಿಯಿಂದ ಮೆಲ್ಲಗೆ ಎತ್ತಿ, ಬಿಸಿಲು ತಾಗದ ಹಿಂಬದಿಯ ಮಡಿಕೆಯನ್ನು ನೋಡಿದೆ. ಮೊದಲನೆಯದು ಕೇಸರಿ, ಬಿಳಿ, ಹಸಿರು ಎಂಬ ಮೂರೇ ಪಟ್ಟೆಗಳದು. ಅದು 1947ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟ ಭಾರತೀಯ ಸ್ವಾತಂತ್ರ್ಯ ಪದಕದ್ದು. ಎರಡನೆಯದರಲ್ಲಿ ಐದು ಪಟ್ಟೆಗಳಿದ್ದವು: ಎರಡೂ ಅಂಚಿಗೆ ಅಚ್ಚ ಕೆಂಪು, ಅದರ ಒಳಗೆ ಬಿಳಿ, ನಟ್ಟನಡುವೆ ಹಸಿರು. ಅದು ಇಟಲಿಯ ಧ್ವಜದ ಬಣ್ಣಗಳನ್ನು ತೊಟ್ಟ ಇಟಲಿ ಸ್ಟಾರ್. ಬಣ್ಣಕ್ಕಿಂತ ಮೊದಲು ಪಟ್ಟೆಗಳನ್ನು ಎಣಿಸಬೇಕೆಂಬುದನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ಇಟಲಿ ಸ್ಟಾರಿನ ಎಡಕ್ಕಿದ್ದದ್ದು ಆಫ್ರಿಕಾ ಸ್ಟಾರ್. ಮರುಭೂಮಿಯ ಮರಳಿನ ಬಣ್ಣದ ನೆಲ, ನಡುವೆ ಅಗಲವಾದ ಕೆಂಪು, ಅದರ ಎರಡು ಬದಿಗೆ ಕಡುನೀಲಿ ಮತ್ತು ತಿಳಿನೀಲಿಯ ಸಣ್ಣ ಗೆರೆಗಳು. ಈ ಎರಡು ರಿಬ್ಬನ್ ಒಟ್ಟಿಗೆ ಕಂಡಾಗ ನನಗೆ ಮೈ ಜುಮ್ಮೆಂದಿತು. ಮರಾಠಾ ದಳದ ಮೂರನೆಯ ಬೆಟಾಲಿಯನ್ 1941ರಲ್ಲಿ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಕಾದಿ, ಮುಂದೆ ಇಟಲಿಗೂ ಹೋಗಿತ್ತು. ಅದೇ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡ್ಗೆ 1944ರ ಜುಲೈ 10ರಂದು ಮೇಲಣ ಟೈಬರ್ ಕಣಿವೆಯಲ್ಲಿ ಮಡಿದು, ಶೌರ್ಯಕ್ಕೆ ಬ್ರಿಟನ್ನಿನ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. ಕಾಕುವಿನ ಮಾವನವರು ಅದೇ ಬೆಟಾಲಿಯನ್ನಿನಲ್ಲಿದ್ದರೆಂದು ರಿಬ್ಬನ್ ಹೇಳುವುದಿಲ್ಲ, ನಾನೂ ಹೇಳಲಿಲ್ಲ. ರಿಬ್ಬನ್ ರಣರಂಗವನ್ನು ಹೇಳುತ್ತದೆ, ಪಲಟಣವನ್ನಲ್ಲ.

ಬೇರೆ ದೇಶಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫ್ರಾನ್ಸಿನ ಯುದ್ಧ ಶಿಲುಬೆ (ಕ್ರ್ವಾ ದ ಗೇರ್) ಎಂಬ ಪದಕದ ರಿಬ್ಬನ್ ಮೊದಲನೆಯ ಮಹಾಯುದ್ಧಕ್ಕೆ ಹಸಿರು ನೆಲದ ಮೇಲೆ ಕೆಂಪು ಗೆರೆಗಳದ್ದಾಗಿದ್ದು, ಎರಡನೆಯದಕ್ಕೆ ಕೆಂಪು ನೆಲದ ಮೇಲೆ ಹಸಿರು ಗೆರೆಗಳದ್ದಾಯಿತು. ಸೋವಿಯತ್ ಪದಕಗಳನ್ನು 1943ರಿಂದ ಐದು ಮೂಲೆಯ ತಗಡಿಗೆ ರಿಬ್ಬನ್ ಸುತ್ತಿ ತೂಗಹಾಕತೊಡಗಿದರು. ಆಸ್ಟ್ರಿಯಾದಲ್ಲಿ ರಿಬ್ಬನ್ನನ್ನೇ ತ್ರಿಕೋನವಾಗಿ ಮಡಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ಮೊದಲನೆಯ ಮಹಾಯುದ್ಧದ ವಿಜಯ ಪದಕ. ಮಿತ್ರರಾಷ್ಟ್ರಗಳು ನಡುವೆ ಕೆಂಪು ಕೂಡುವ ಜೋಡಿ ಕಾಮನಬಿಲ್ಲಿನ ಒಂದೇ ರಿಬ್ಬನ್ನನ್ನು ಒಪ್ಪಿಕೊಂಡದ್ದರಿಂದ, ಇಲ್ಲಿ ರಿಬ್ಬನ್ನಿನಿಂದ ದೇಶ ತಿಳಿಯುವುದಿಲ್ಲ. ಲೋಹದ ಮೇಲಿನ ಚಿತ್ರವನ್ನೇ ನೋಡಬೇಕು. ಬ್ರಿಟನ್ನಿನದರಲ್ಲಿ ರೆಕ್ಕೆಯ ವಿಜಯದೇವತೆ ನಿಂತಿದ್ದಾಳೆ, ಇಟಲಿಯದರಲ್ಲಿ ಆಕೆ ಸಿಂಹಗಳ ರಥದ ಮೇಲಿದ್ದಾಳೆ, ಜಪಾನಿನದರಲ್ಲಿ ಅವಳ ಬದಲಿಗೆ ಯುದ್ಧದೇವನಿದ್ದಾನೆ.

ಈ ವಿಜಯ ಪದಕವೇ ನನ್ನನ್ನು ಈ ಅಭ್ಯಾಸಕ್ಕೆ ಹಚ್ಚಿದ್ದು. ನಮ್ಮ ಮುತ್ತಜ್ಜನವರದು ಒಂದು ಮನೆಯಲ್ಲಿದೆ. ಅದರ ಅಂಚಿನ ಮೇಲೆ ಅವರ ನಂಬರು, ಹುದ್ದೆ, ಹೆಸರು ಮತ್ತು 110ನೆಯ ಮರಾಠಾ ಪಲಟಣದ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಕೊರೆದಿವೆ. ಆ ಪಲಟಣ ಮೆಸೊಪೊಟೇಮಿಯಾದ (ಇಂದಿನ ಇರಾಕಿನ) ಕೂತ್ ಊರಿನ ಮುತ್ತಿಗೆಯಲ್ಲಿ ಸಿಲುಕಿ 1916ರ ಏಪ್ರಿಲ್ 29ರಂದು ಶರಣಾದ ಸೇನೆಯಲ್ಲಿತ್ತು. ವಿಜಯ ಪದಕ ಪಡೆದವನಿಗೆ ಬ್ರಿಟಿಷ್ ಯುದ್ಧ ಪದಕವೂ ಸಿಕ್ಕಿಯೇ ಇರುತ್ತದೆ, ಮತ್ತು ಅದು ಬೆಳ್ಳಿಯದು. ಬರಗಾಲದ ವರ್ಷವೊಂದರಲ್ಲಿ ನಮ್ಮವರು ಅದನ್ನು ಪತ್ತಾರನಲ್ಲಿಗೆ ಒಯ್ದರು. ಹಸಿವಿನ ಮುಂದೆ ಅವರು ಮಾಡಿದ್ದು ಸರಿಯೇ. ಆದರೂ ಆ ಬೆಳ್ಳಿಯೊಂದಿಗೆ ಕರಗಿಹೋದ ಅಕ್ಷರಗಳನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಕಾಕುವಿನ ತುಂಡಿನಲ್ಲಿ ಐದನೆಯ ರಿಬ್ಬನ್ ಉಳಿದಿತ್ತು. ಅದು ಕೆಂಪು, ನೀಲಿ, ಬಿಳಿಯ 1939–45ರ ಯುದ್ಧ ಪದಕದ್ದು, ಬಹಳ ಜನರಿಗೆ ಸಿಕ್ಕಿದ್ದು. ಅದನ್ನು ನಾನು ಬೇಗ ದಾಟಿಬಿಡುತ್ತಿದ್ದೆ. ಕಿಟಕಿಯ ಬೆಳಕಿಗೆ ಹಿಡಿದಾಗ ಅದರ ಮೇಲೆ ಎರಡು ಸಣ್ಣ ತೂತುಗಳೂ, ಅವುಗಳ ಸುತ್ತ ಬಣ್ಣ ಮಾಸದೆ ಉಳಿದ ಎಲೆಯ ಆಕಾರವೂ ಕಂಡವು. ಸೇನಾಧಿಕಾರಿಯ ಯುದ್ಧ ವರದಿಯಲ್ಲಿ ಮೆಚ್ಚುಗೆಯಿಂದ ಹೆಸರು ಉಲ್ಲೇಖವಾದವರು ಈ ರಿಬ್ಬನ್ನಿನ ಮೇಲೆ ಕಂಚಿನ ಓಕ್ ಎಲೆಯೊಂದನ್ನು ಧರಿಸುತ್ತಿದ್ದರು. ನಾನು ಇದನ್ನು ಹೇಳಿದಾಗ ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಎಲಿ ಇತ್ತು. ಹುಡುಗರು ಆಡಾಕ ತಗೊಂಡು ಕಳದ್ವು" ಎಂದರು.

ಅಂಥ ಹೆಸರುಗಳು ಬ್ರಿಟನ್ ಸರಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಿವೆ, ಆದರೆ ಹುಡುಕಲು ಸೈನಿಕನ ನಂಬರು ಬೇಕು, ಅದು ರಿಬ್ಬನ್ನಿನ ಮೇಲೆ ಇರುವುದಿಲ್ಲ. ಬ್ರಿಟನ್ ತನ್ನ ಸೈನಿಕರಿಗೆ ಆ ಯುದ್ಧದ ಸ್ಟಾರುಗಳನ್ನು ಹೆಸರಿಲ್ಲದೆ ಕೊಟ್ಟರೂ ಭಾರತೀಯ ಸೈನಿಕರವುಗಳ ಮೇಲೆ ನಂಬರು, ಹೆಸರು ಕೊರೆದಿರುತ್ತವೆ. ರಾಮದುರ್ಗದಲ್ಲಿರುವ ಕಾಕುವಿನ ಮೈದುನನ ಮನೆಯಲ್ಲಿ ಒಂದು ಸ್ಟಾರ್ ಇರಬಹುದಂತೆ. ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರೆಂದು ಫೋನಿನಲ್ಲಿ ತಿಳಿಸಿದ್ದೇವೆ. ಬರುವ ರವಿವಾರ ಇಬ್ಬರೂ ಹೋಗುತ್ತಿದ್ದೇವೆ.