ಪಿಕಪ್‌ನಲ್ಲಿ ಎರಡು ಲೋಡು ಮರಳು

ಮನೆ ಹಿಂದಿನ ಗೋಡೆ ಪ್ಲಾಸ್ಟರಿಂಗ್‌ಗೆ ಮರಳು ಬೇಕಿತ್ತು, ಲಾರಿ ತರಿಸೋವಷ್ಟು ಅಲ್ಲ, ಆದ್ರೆ ಮೂಟೆ ಕಟ್ಟಿ ಸಾಗಿಸೋಕೂ ಆಗಲ್ಲ, ಅದಕ್ಕೇ ಚಿಕ್ಕಪ್ಪನ ಪಿಕಪ್ ಕೇಳಿದೆ. ಗಾಡಿ ಕೊಡ್ತೀನಿ ಆದ್ರೆ ನಾನೂ ಬರ್ತೀನಿ ಅಂದ್ರು. ಅವತ್ತು ಅವರು ಬಂದಿದ್ದೇ ಒಳ್ಳೇದಾಯ್ತು ಅಂತ ಈಗಲೂ ಅನ್ಸುತ್ತೆ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಮರಳು ತರೋಕೆ ಹೋದ ಜಾಗದಲ್ಲಿ ರಾಶಿ ನೆನೆದು ಕಪ್ಪಗಾಗಿತ್ತು, ಬುಡದಲ್ಲಿ ಇನ್ನೂ ನೀರು ಜಿನುಗ್ತಾ ಇತ್ತು. ಜೆಸಿಬಿಯವನು ಬಕೆಟ್ ತುಂಬಾ ಎತ್ತಿಕೊಂಡು ಬಂದಾಗ ಚಿಕ್ಕಪ್ಪ ಕೈ ಅಡ್ಡ ಹಿಡಿದು "ಅರ್ಧಕ್ಕಿಂತ ಚೂರು ಜಾಸ್ತಿ ಸಾಕಪ್ಪಾ, ನಿಧಾನಕ್ಕೆ ಸುರಿ" ಅಂದ್ರು. ಸುರಿದ. ನೋಡಿದ್ರೆ ಬಾಡಿಯಲ್ಲಿ, ಅಂದ್ರೆ ಹಿಂದೆ ಲೋಡು ತುಂಬೋ ಜಾಗದಲ್ಲಿ, ಮೊಣಕಾಲುದ್ದನೂ ಇಲ್ಲ, ಮುಕ್ಕಾಲು ಭಾಗ ಖಾಲಿ! ಇನ್ನೊಂದಷ್ಟು ಹಾಕಿಸೋಣ ಚಿಕ್ಕಪ್ಪ, ಜಾಗ ಇದೆಯಲ್ಲ, ಒಂದೇ ಟ್ರಿಪ್‌ನಲ್ಲಿ ಮುಗಿಯುತ್ತೆ ಅಂದೆ. ಅವರು ಏನೂ ಹೇಳದೆ ನನ್ನ ಕೈ ಹಿಡಿದು ಹಿಂದಿನ ಚಕ್ರದ ಹತ್ರ ಕರ್ಕೊಂಡು ಹೋದ್ರು. ಖಾಲಿ ಇದ್ದಾಗ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ಮಧ್ಯೆ ಒಂದು ಗೇಣು ಜಾಗ ಇತ್ತು, ಈಗ ಅಲ್ಲಿ ನನ್ನ ನಾಲ್ಕು ಬೆರಳು ಅಡ್ಡ ಇಟ್ರೆ ಅಷ್ಟೇ. ಗಾಡಿ ಭಾರ ಹೊರೋ ಸ್ಪ್ರಿಂಗಿನ ಬಾಗಿದ್ದ ಪ್ಲೇಟುಗಳು ಹತ್ತತ್ರ ನೆಟ್ಟಗಾಗಿಬಿಟ್ಟಿದ್ವು.

ಆಮೇಲೆ ಲೆಕ್ಕ ಹೇಳಿದ್ರು, ಇದನ್ನ ಯಾರಾದ್ರೂ ಮೊದಲೇ ಹೇಳಿದ್ರೆ ಚೆನ್ನಾಗಿರ್ತಿತ್ತು. ಗಾಡಿ ಬಾಡಿ 8 ಅಡಿ ಉದ್ದ 5 ಅಡಿ ಅಗಲ, ಅಂದ್ರೆ ಒಂದು ಅಡಿ ಎತ್ತರಕ್ಕೆ 40 ಸಿಎಫ್‌ಟಿ (ಘನ ಅಡಿ). ಒಣ ಮರಳೇ ಒಂದು ಸಿಎಫ್‌ಟಿಗೆ ಸುಮಾರು 45 ಕೆಜಿ ಬರುತ್ತೆ, ಹೀಗೆ ನೀರು ಕುಡಿದಿದ್ದು 50 ದಾಟುತ್ತೆ. ಒಂದು ಅಡಿ ತುಂಬಿಸಿದ್ರೆ 2 ಟನ್ ಆಯ್ತು! ಆ ಗಾಡಿಗೆ ಹೊರಿಸಬಹುದಾದ ಲೋಡು 1200 ಕೆಜಿ, ಅದರಲ್ಲೇ ನಾವಿಬ್ರೂ ಕೂತ್ಕೋಬೇಕು. ಹಾಗಾಗಿ ಅರ್ಧ ಅಡಿಗೇ ನಿಲ್ಲಿಸಬೇಕು. ಒಣಗಿದ ಎಲೆ, ಮರದ ಹೊಟ್ಟು ಇಂಥದ್ದಾದ್ರೆ ಬಾಡಿ ಮೇಲೆ ಹಲಗೆ ಕಟ್ಟಿ ಎತ್ತರಕ್ಕೆ ತುಂಬಿದ್ರೂ ಗಾಡಿಗೆ ಗೊತ್ತಾಗಲ್ಲ, ಮರಳು ಜಲ್ಲಿ ಹಾಗಲ್ಲ, ಕಣ್ಣಿಗೆ ಖಾಲಿ ಕಾಣೋವಾಗಲೇ ಲೋಡು ಮುಗಿದಿರುತ್ತೆ.

ಇನ್ನೊಂದು ವಿಷಯ, ಜೆಸಿಬಿಯಿಂದ ಸುರಿದಾಗ ರಾಶಿ ಪೂರ್ತಿ ಹಿಂದಿನ ಡೋರ್ ಕಡೆ ಬಿದ್ದಿತ್ತು. ಹಾಗೇ ಹೊರಟಿದ್ರೆ ಮುಂದಿನ ಚಕ್ರದ ಮೇಲೆ ಭಾರ ಕಮ್ಮಿಯಾಗಿ ಸ್ಟೇರಿಂಗ್ ಹಗುರಾಗಿಬಿಡುತ್ತಂತೆ, ತಿರುಗಿಸಿದ ಕಡೆ ಗಾಡಿ ಸರಿಯಾಗಿ ತಿರುಗಲ್ಲ. ಹತ್ತಿ ಸಲಿಕೆಯಲ್ಲಿ ಕ್ಯಾಬಿನ್ ಕಡೆಗೆ ಎಳೆದು ಹರಡಿದೆ, ಟಾರ್ಪಾಲ್ ಹೊದಿಸಿ ನಾಲ್ಕೂ ಮೂಲೆಗೆ ಹಗ್ಗ ಬಿಗಿದ್ವಿ, ಡೋರ್ ಸಂದಿಗೆ ಹಳೇ ಗೋಣಿಚೀಲ ತುರುಕಿದ್ವಿ. ದಾರೀಲಿ ಮೊದಲ ಬ್ರೇಕಿಗೇ ಗೊತ್ತಾಯ್ತು, ದಿನಾ ನಿಲ್ಲೋ ಜಾಗದಲ್ಲಿ ಗಾಡಿ ನಿಲ್ಲಲಿಲ್ಲ, ಇನ್ನೂ ಒಂದಷ್ಟು ದೂರ ಮುಂದೆ ಹೋಗಿ ನಿಂತಿತು. ಚಿಕ್ಕಪ್ಪ ಮುಂದಿನ ಗಾಡಿಯಿಂದ ಅಷ್ಟು ದೂರ ಬಿಟ್ಟು ಯಾಕೆ ಓಡಿಸ್ತಿದ್ರು ಅಂತ ಆಗ ಅರ್ಥ ಆಯ್ತು.

ಮನೆಗೆ ಬಂದ್ಮೇಲೆ ಶುರುವಾಯ್ತು ನಿಜವಾದ ಕೆಲಸ. ಹಿಂದಿನ ಡೋರ್ ಚಿಲಕ ಅಲ್ಲಾಡ್ತಾನೇ ಇಲ್ಲ, ಒಳಗಿನಿಂದ ಮರಳು ಒತ್ತಿ ಹಿಡಿದಿದೆ. ನಾನು ಡೋರ್ ಎದುರಿಗೇ ನಿಂತು ಎಳೀತಿದ್ದೆ, ಚಿಕ್ಕಪ್ಪ ಜೋರಾಗಿ ಕೂಗಿ ಪಕ್ಕಕ್ಕೆ ಸರಿಸಿದ್ರು, ಸೈಡಲ್ಲಿ ನಿಂತು ಸುತ್ತಿಗೆಯಿಂದ ಎರಡೇ ಏಟು ಕೊಟ್ರು ನೋಡಿ, ದಢಾರ್ ಅಂತ ಡೋರ್ ಕೆಳಗೆ ಬಿತ್ತು, ಹಿಂದೇನೇ ಒಂದು ಹತ್ತು ಬಾಂಡ್ಲಿಯಷ್ಟು ಮರಳು ಜಾರಿ ಬಿತ್ತು. ನನ್ನ ಮೊಣಕಾಲು ಅಲ್ಲೇ ಇರ್ತಿತ್ತು. ಆ ಶಬ್ದ ಈಗಲೂ ಕಿವೀಲಿದೆ.

ಆಮೇಲೆ ನಾನು ರಾಶಿ ಮೇಲೆ ಹತ್ತಿ ನಿಂತು ಮೇಲಿಂದ ಅಗೀತಾ ಹೋದೆ. ಒದ್ದೆ ಮರಳು, ನಾನೇ ತುಳಿದು ಗಟ್ಟಿ ಮಾಡ್ತಿದೀನಿ, ನಾನೇ ಅಗೀತಿದೀನಿ, ಹದಿನೈದು ನಿಮಿಷಕ್ಕೆ ಸೊಂಟ ಹಿಡ್ಕೊಳ್ತು. "ಮಗಾ, ಕೆಳಗಿಳಿ, ತಳ ಹಿಡ್ಕೊಂಡು ಬಾ" ಅಂದ್ರು. ಅಂದ್ರೆ ಡೋರ್ ಕಡೆಯಿಂದ ಶುರು ಮಾಡಿ ಸಲಿಕೆಯನ್ನ ಬಾಡಿಯ ತಗಡಿನ ಮೇಲೇ ಜಾರಿಸಿಕೊಂಡು ರಾಶಿಯ ಬುಡಕ್ಕೆ ನುಗ್ಗಿಸೋದು. ತಗಡಲ್ಲಿ ಉದ್ದಕ್ಕೆ ಉಬ್ಬಿದ ಗೆರೆಗಳಿರ್ತವಲ್ಲ, ಅವುಗಳ ಜೊತೆಗೇ ಸಲಿಕೆ ಹೋಗಬೇಕು, ಅಡ್ಡಕ್ಕೆ ಹೋದ್ರೆ ಪ್ರತಿಸಲ ಟಣ್ ಅಂತ ತಗುಲಿ ಕೈ ಜುಮ್ಮನ್ನುತ್ತೆ. ಬುಡ ಖಾಲಿಯಾದಂಗೆ ಮೇಲಿನದು ತಾನಾಗೇ ಕುಸಿದು ಕೈಗೆ ಬರುತ್ತೆ. ಸಲಿಕೆ ತುಂಬಿದ್ಮೇಲೆ ಸೊಂಟ ತಿರುಚಬಾರದು, ಕಾಲನ್ನೇ ತಿರುಗಿಸಬೇಕು ಅಂತಾನೂ ಹೇಳಿದ್ರು. ಇಷ್ಟೇ ಬದಲಾವಣೆ, ಆದ್ರೆ ಕೆಲಸ ಅರ್ಧಕ್ಕರ್ಧ ಹಗುರಾಯ್ತು. ನಡುವೆ ಎರಡು ಸಲ ಗಾಡೀನ ಮೂರು ಮೂರು ಅಡಿ ಮುಂದಕ್ಕೆ ತಗೊಂಡ್ರು, ಇಲ್ದಿದ್ರೆ ಬಿದ್ದ ಮರಳು ಬಂಪರ್ ಕೆಳಗೇ ರಾಶಿಯಾಗಿ ಮುಂದಿನದು ಬೀಳೋಕೆ ಜಾಗ ಇರಲ್ಲ.

ಎರಡನೇ ಟ್ರಿಪ್‌ಗೆ ಬಾಡಿಯಲ್ಲಿ ಮೊದಲೇ ಹಳೇ ಟಾರ್ಪಾಲ್ ಹಾಸಿದ್ವಿ, ಅಂಚುಗಳು ಹೊರಗೆ ಬರೋ ಹಾಗೆ. ಟಾರ್ಪಾಲ್ ಎಳೆದ್ರೆ ಪೂರ್ತಿ ಒಟ್ಟಿಗೆ ಬಂದ್ಬಿಡುತ್ತೆ ಅಂತ ನಾನು ಅಂದ್ಕೊಂಡಿದ್ದೆ, ಒಂದು ಟನ್ ಇಬ್ಬರ ಕೈಗೆ ಅಲ್ಲಾಡಲ್ಲ. ಮುಕ್ಕಾಲು ಭಾಗ ಸಲಿಕೆಯಲ್ಲೇ ಇಳಿಸಿದ್ವಿ. ಆದ್ರೆ ಕೊನೆಗೆ ಕ್ಯಾಬಿನ್ ಕಡೆ ಮೂಲೇಲಿ ಉಳಿಯುತ್ತಲ್ಲ, ಎಲ್ಲಕ್ಕಿಂತ ಜಾಸ್ತಿ ಸುಸ್ತು ಮಾಡೋದು ಅದೇ, ಅದನ್ನ ಮಾತ್ರ ಆ ತುದೀಲಿ ಇಬ್ರೂ ಟಾರ್ಪಾಲ್ ಎತ್ತಿ ಮಡಚಿ ಎಳೆದಾಗ ಸರ್ರನೆ ಜಾರಿ ಬಂತು. ಮೊದಲ ಟ್ರಿಪ್‌ನಲ್ಲಿ ಅಷ್ಟನ್ನೇ ಕೈಯಲ್ಲಿ ಗೋರಿ ಗೋರಿ ತೆಗ್ದಿದ್ದೆ.

ಕತ್ತಲಾಗೋ ಹೊತ್ತಿಗೆ ಪೈಪ್ ಹಿಡಿದು ಬಾಡಿ ತೊಳೆದೆ, ಒದ್ದೆ ಮರಳು ಸಂದೀಲಿ ಕೂತ್ರೆ ತಗಡು ತುಕ್ಕು ಹಿಡಿಯುತ್ತೆ ಅಂತ ಚಿಕ್ಕಪ್ಪ ಮೂಲೆ ಮೂಲೆಗೂ ನೀರು ಬಿಡಿಸಿದ್ರು. ಗಾಡಿ ಹೊರಡೋ ಮುಂಚೆ ಹಿಂದಿನ ಟೈರಿನ ಮೇಲೆ ಕೈ ಇಟ್ಟು ನೋಡಿದೆ. ಮತ್ತೆ ಒಂದು ಗೇಣು.