ವಿಮಾನ ಬಿದ್ದ ದಿನವೇ ಕಾರಣ ಹೇಳುವುದು ಬೇಡ

ಕುರ್ಲಾ, ಘಾಟ್ಕೋಪರ್ ಕಡೆ ಇರುವವರ ತಲೆ ಮೇಲೇ ಸಾಂತಾಕ್ರೂಜ್‌ಗೆ ಇಳಿಯುವ ವಿಮಾನಗಳು ಹಾದುಹೋಗುತ್ತವೆ. ಊರಿಗೆಂದು ಬಜ್ಪೆಯ ವಿಮಾನ ಹತ್ತುವವರೂ ಮುಂಬಯಿ ಕನ್ನಡಿಗರಲ್ಲಿ ಬಹಳ. ಹಾಗಾಗಿ ಎಲ್ಲೇ ಅಪಘಾತವಾದರೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಗಂಟೆಯೊಳಗೆ ಕಾರಣ ತೀರ್ಮಾನವಾಗಿರುತ್ತದೆ. ವಿಮಾನದ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂದು ಚರ್ಚಿಸೋಣ, ಅದು ಬೇಕು. ತನಿಖೆಯ ಮಾಹಿತಿ ಕೈಗೆ ಬರುವ ಮೊದಲೇ ಇಂಥವರದೇ ತಪ್ಪು ಎನ್ನುವುದು ಮಾತ್ರ ಬೇಡವೇ ಬೇಡ.

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171, ಬೋಯಿಂಗ್ 787 ವಿಮಾನ, ಬಿದ್ದಾಗ ಏನಾಯಿತು ನೋಡಿ. ಮೊದಲು ಹರಿದಾಡಿದ ವಿಡಿಯೋದಲ್ಲಿ ರೆಕ್ಕೆಯ ಫ್ಲ್ಯಾಪ್, ಅಂದರೆ ಮೇಲೇರುವಾಗ ಕೆಳಕ್ಕೆ ಬಾಗಿ ಎತ್ತುವ ಬಲ ಹೆಚ್ಚಿಸುವ ಅಂಚಿನ ಪಟ್ಟಿ, ಕಾಣಲಿಲ್ಲ. ಸಹಪೈಲಟ್ ಚಕ್ರ ಎತ್ತುವ ಬದಲು ಫ್ಲ್ಯಾಪ್ ಎತ್ತಿಬಿಟ್ಟರು ಎಂಬ ಮಾತು ದೇಶವೆಲ್ಲ ಹಬ್ಬಿತು. ಬೋಯಿಂಗ್ 787 ಫ್ಲ್ಯಾಪ್ ಲಿವರನ್ನು 5ರ ಗುರುತಿನಲ್ಲಿಟ್ಟು ಮೇಲೇರುವಾಗ ರೆಕ್ಕೆಯ ಹಿಂದಿನ ಅಂಚು ತುಸುವೇ ಕೆಳಕ್ಕೆ ಬಾಗಿರುತ್ತದೆ. ಆ ವಿಡಿಯೋ ದೂರದಿಂದ ಫೋನಿನಲ್ಲಿ ತೆಗೆದದ್ದು, ಆ ಪರದೆಯನ್ನೇ ಇನ್ನೊಂದು ಫೋನಿನಲ್ಲಿ ಹಿಡಿದದ್ದು, ಮೇಲಿಂದ ವಾಟ್ಸಾಪ್ ಕುಗ್ಗಿಸಿದ್ದು. ಅಷ್ಟು ಸಣ್ಣ ಬಾಗು ಅದರಲ್ಲಿ ಹೇಗೆ ಉಳಿದೀತು? ಸ್ಪಷ್ಟ ಪ್ರತಿ ಬಂದಾಗ ಹೊಟ್ಟೆಯ ಕೆಳಗೆ ಇಳಿದಿದ್ದ ಪುಟ್ಟ ಟರ್ಬೈನ್ ಕಂಡಿತು. ಅದಕ್ಕೆ ‘ರ‍್ಯಾಟ್’ ಎನ್ನುತ್ತಾರೆ. ಎರಡೂ ಎಂಜಿನ್ ನಿಂತಾಗ, ಇಲ್ಲವೇ ಮುಖ್ಯ ವಿದ್ಯುತ್ತು ಹೋದಾಗ, ತಾನಾಗಿ ಹೊರಬಂದು ಗಾಳಿಗೆ ತಿರುಗಿ ತುರ್ತು ವಿದ್ಯುತ್ತು, ಹೈಡ್ರಾಲಿಕ್ ಒತ್ತಡ ಕೊಡುವುದು ಅದರ ಕೆಲಸ. ಫ್ಲ್ಯಾಪ್ ಲಿವರ್ 5ರಲ್ಲೇ ಇತ್ತು ಎಂದು ಆಮೇಲೆ ಪ್ರಾಥಮಿಕ ವರದಿಯೂ ಹೇಳಿತು.

ಅರ್ಧ ರನ್‌ವೇಯಿಂದಲೇ ಹೊರಟರು ಎಂಬುದು ಇನ್ನೊಂದು ಆರೋಪ. ವಿಮಾನಗಳ ಜಾಡು ತೋರಿಸುವ ಟ್ರ್ಯಾಕಿಂಗ್ ಜಾಲತಾಣಕ್ಕೆ ನೆಲದ ಮೇಲಿನ ಸಿಗ್ನಲ್ ಪೂರ್ತಿ ಸಿಕ್ಕಿರಲಿಲ್ಲ, ಅಷ್ಟೇ. ಪೂರ್ತಿ ರನ್‌ವೇ ಬಳಸಿದ್ದರು ಎಂದು ಆ ತಾಣವೇ ತಿದ್ದಿಕೊಂಡಿತು. ಆ ತಾಣ ತೋರಿಸಿದ ಕೊನೆಯ ಸಿಗ್ನಲ್‌ನ 625 ಅಡಿಯೂ ನೆಲದಿಂದ ಅಳೆದ ಎತ್ತರವಲ್ಲ. ವಿಮಾನ ಕಳಿಸುವ ಆ ಅಂಕಿ ಸಮುದ್ರಮಟ್ಟದ ಪ್ರಮಾಣಿತ ವಾಯುಒತ್ತಡವಾದ 1013.25 ಹೆಕ್ಟೊಪ್ಯಾಸ್ಕಲ್ ಅನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದ್ದು. ಒತ್ತಡ ಒಂದೊಂದು ಹೆಕ್ಟೊಪ್ಯಾಸ್ಕಲ್ ತಗ್ಗಿದಂತೆ ಸುಮಾರು 27 ಅಡಿ ಹೆಚ್ಚು ತೋರುತ್ತದೆ. ಜೂನ್‌ನಲ್ಲಿ ಒತ್ತಡ ಇಳಿದೇ ಇರುತ್ತದೆ. ಅದರ ಮೇಲೆ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 190 ಅಡಿ ಎತ್ತರದಲ್ಲಿದೆ, ಅದನ್ನೂ ಕಳೆಯಬೇಕು.

ಅಂತರರಾಷ್ಟ್ರೀಯ ನಿಯಮದಂತೆ ಪ್ರಾಥಮಿಕ ವರದಿಗೆ 30 ದಿನ. ನಮ್ಮ ವಿಮಾನ ಅಪಘಾತ ತನಿಖಾ ಸಂಸ್ಥೆ ಎಎಐಬಿ ಜುಲೈ 12ರಂದು ಅದನ್ನು ಪ್ರಕಟಿಸಿತು. ಎರಡೂ ಎಂಜಿನ್‌ಗಳ ಇಂಧನ ಸ್ವಿಚ್ ಒಂದು ಸೆಕೆಂಡ್ ಅಂತರದಲ್ಲಿ ‘ರನ್’ನಿಂದ ಇಂಧನ ನಿಲ್ಲಿಸುವ ‘ಕಟ್‌ಆಫ್’ಗೆ ಹೋದವು, ಸುಮಾರು 10 ಸೆಕೆಂಡ್ ಬಳಿಕ ಒಂದು, ಅದಾಗಿ 4 ಸೆಕೆಂಡಿಗೆ ಇನ್ನೊಂದು ಮತ್ತೆ ‘ರನ್’ಗೆ ಬಂದವು. ಯಾಕೆ ಕಟ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳುತ್ತಾರೆ, ನಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಕೇಳಿದ್ದು ಯಾರು, ಸ್ವಿಚ್ ಸರಿದದ್ದು ಹೇಗೆ, ಎರಡನ್ನೂ ಆ ವರದಿ ಹೇಳಿಲ್ಲ. ವರದಿ ಬಿಟ್ಟ ಜಾಗವನ್ನು ಜನ ತಾವೇ ತುಂಬಿದರು, ಹೆಸರು ಹಿಡಿದು. ಪೈಲಟ್‌ಗಳಿಬ್ಬರೂ ಮುಂಬಯಿಯವರು; ಬರೆದದ್ದನ್ನೆಲ್ಲ ಓದಬೇಕಾಗಿ ಬಂದ ಮನೆಗಳು ನಮ್ಮ ನಗರದಲ್ಲೇ ಇವೆ. ಇದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ.

1978ರ ಜನವರಿ 1ರಂದು ಏರ್ ಇಂಡಿಯಾ 855, ಬೋಯಿಂಗ್ 747, ನಮ್ಮ ಸಾಂತಾಕ್ರೂಜ್ ನಿಲ್ದಾಣದಿಂದ ದುಬೈಗೆ ಹೊರಟು ಬಾಂದ್ರಾ ಆಚೆಯ ಸಮುದ್ರಕ್ಕೆ ಬಿತ್ತು. 213 ಜನ ಸತ್ತರು. ಮೊದಲು ಬಂದದ್ದು ವಿಧ್ವಂಸಕ ಕೃತ್ಯದ ಶಂಕೆ. ಅವಶೇಷಗಳಲ್ಲಿ ಸ್ಫೋಟದ ಗುರುತು ಸಿಗಲಿಲ್ಲ. ಬಲಕ್ಕೆ ತಿರುಗಿ ಮಟ್ಟಕ್ಕೆ ಬಂದ ಮೇಲೂ ಕ್ಯಾಪ್ಟನ್ ಮುಂದಿದ್ದ, ವಿಮಾನದ ವಾಲಿಕೆ ತೋರುವ ಉಪಕರಣ ಬಲಕ್ಕೆ ವಾಲಿದೆ ಎಂದೇ ತೋರಿಸಿತ್ತು. ಹೊರಗೆ ಕತ್ತಲ ಸಮುದ್ರ, ಕಣ್ಣಿಗೆ ದಿಗಂತವಿಲ್ಲ. ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. ಅಂದು ಬಾಂದ್ರಾದ ದಡದಲ್ಲಿ ನಿಂತು ನೋಡಿದವರಿಗೆ ಇದು ಕಾಣುವಂತಿತ್ತೇ?

ಅಪಘಾತದ ವಿಡಿಯೋ ನಿಮ್ಮ ಫೋನಿನಲ್ಲಿದ್ದರೆ ಗುಂಪಿಗೆ ಹಾಕಬೇಡಿ. ಮೂಲ ಫೈಲನ್ನು ಹಾಗೇ ಉಳಿಸಿ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಗುಣಮಟ್ಟವೂ ಕುಗ್ಗುತ್ತದೆ, ತೆಗೆದ ಸಮಯ, ಜಾಗದ ದಾಖಲೆಯೂ ಅಳಿಯುತ್ತದೆ. ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ನೋಡುತ್ತಿದ್ದಿರಿ ಎಂದು ಅವತ್ತೇ ಬರೆದಿಟ್ಟುಕೊಂಡು ಪೊಲೀಸರ ಮೂಲಕವೋ ನೇರವಾಗಿಯೋ ಎಎಐಬಿಗೆ ಮುಟ್ಟಿಸಿ. ವಿಡಿಯೋದ ಧ್ವನಿಯನ್ನು ಅಳಿಸಬೇಡಿ, ಮೇಲೆ ಹಾಡು ಕೂರಿಸಬೇಡಿ. ಎಂಜಿನ್ ಓಡುತ್ತಿತ್ತೋ, ರ‍್ಯಾಟ್ ತಿರುಗುತ್ತಿತ್ತೋ ಎಂಬುದನ್ನು ತಜ್ಞರು ಆ ಸದ್ದಿನಿಂದಲೂ ಪತ್ತೆ ಮಾಡುತ್ತಾರೆ.